ಹಣ್ಣೆಲೆಯ ಕೆಂಪು, ಕುಂಡದ ಮೇಪಲ್

ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಬೆಂಗಳೂರಿನ ಬೀದಿಗಳಲ್ಲಿ ಕಾಡುಬಾದಾಮಿ ಮರಗಳು ಕೆಂಪೇರುತ್ತವೆ. ಬೆಳಿಗ್ಗೆ ಗುಡಿಸಿ ರಾಶಿ ಹಾಕಿದ ಎಲೆಗಳಲ್ಲಿ ಒಂದನ್ನು ಎತ್ತಿ ನೋಡಿದರೆ, ಬಿಸಿಲಿಗೆ ಒಡ್ಡಿಕೊಂಡಿದ್ದ ಭಾಗ ಕಡುಗೆಂಪಾಗಿ, ಮೇಲಿನ ಎಲೆಯ ನೆರಳು ಬಿದ್ದಿದ್ದ ಜಾಗ ಹಳದಿಯಾಗಿಯೇ ಉಳಿದಿರುವುದು ಎಷ್ಟೋ ಸಲ ಕಾಣುತ್ತದೆ. ತೊಟ್ಟಿನ ತುದಿಯನ್ನೂ ಗಮನಿಸಬೇಕು: ಅದು ಕಿತ್ತು ಹರಿದಂತಿರದೆ ನುಣುಪಾಗಿರುತ್ತದೆ. ಎಲೆಯ ಬಣ್ಣದ ಬಗ್ಗೆ ಬೋನ್ಸಾಯ್ (ಕುಂಡದಲ್ಲಿ ಗಿಡ್ಡವಾಗಿ ಬೆಳೆಸುವ ಮರ) ಬೆಳೆಸುವವರು ನನ್ನನ್ನು ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಈ ಎರಡು ಗುರುತುಗಳಲ್ಲಿದೆ.

ಇಂಥ ಎಲೆಯನ್ನು ಕನ್ನಡದಲ್ಲಿ ಹಣ್ಣೆಲೆ ಎನ್ನುತ್ತೇವೆ. ಎಲೆ ಸತ್ತಿತು ಎನ್ನದೆ ಹಣ್ಣಾಯಿತು ಎನ್ನುವ ಈ ಬಳಕೆ ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದದ್ದು, ಏಕೆಂದರೆ ಹಣ್ಣಾಗುವುದು ಮರವೇ ಕ್ರಮವಾಗಿ ನಡೆಸುವ ಕೆಲಸ. ಮರವು ಎಲೆಯ ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿರುವ ಸಾರಜನಕ ಮತ್ತು ರಂಜಕದ ದೊಡ್ಡ ಪಾಲನ್ನು ರೆಂಬೆ, ತೊಗಟೆ, ಬೇರುಗಳಿಗೆ ಹಿಂದಕ್ಕೆಳೆದುಕೊಂಡು ಮುಂದಿನ ಚಿಗುರಿಗೆ ಕೂಡಿಟ್ಟುಕೊಳ್ಳುತ್ತದೆ. ಹಸಿರು ಹೋದಾಗ, ಮೊದಲಿನಿಂದಲೂ ಎಲೆಯಲ್ಲೇ ಇದ್ದ ಕೆರೋಟಿನಾಯ್ಡ್ ಎಂಬ ಬಣ್ಣದ ವಸ್ತುಗಳ ಹಳದಿ ಹೊರಗೆ ಕಾಣುತ್ತದೆ. ಗಿಂಕ್ಗೊ ಮರದ ಹೊಂಬಣ್ಣ ಇದೇ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆಯು ತನ್ನಲ್ಲಿ ಉಳಿದಿರುವ ಸಕ್ಕರೆಯಿಂದ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತದೆ, ಮತ್ತು ಅದಕ್ಕೆ ಬೆಳಕು ಬೇಕು. ಉದುರಲಿರುವ ಎಲೆಗೆ ಮರ ಇಷ್ಟು ಖರ್ಚು ಮಾಡುವುದೇಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇನ್ನೂ ನಡೆದಿದೆ. ಸಾರವನ್ನು ಹಿಂದಕ್ಕೆಳೆದುಕೊಳ್ಳುವ ಕೆಲಸ ಮುಗಿಯುವವರೆಗೆ ದುರ್ಬಲಗೊಂಡ ಎಲೆಯನ್ನು ಬಿಸಿಲಿನಿಂದ ಕಾಯುವ ಪರದೆ ಅದು ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಇತ್ತ ತೊಟ್ಟಿನ ಬುಡದಲ್ಲಿ ಕಳಚುವ ಪದರವೊಂದು ಬೆಳೆಯುತ್ತದೆ, ಎಲೆ ಅಲ್ಲಿಂದ ಬಿಡಿಸಿಕೊಳ್ಳುತ್ತದೆ.

ಎಲೆ ಹಳದಿಯಾದೊಡನೆ ಗಾಬರಿಯಿಂದ ಗೊಬ್ಬರ ಹಾಕುವವರಿಗೆ ನಾನು ಮೊದಲು ಹೇಳುವುದು, ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಎಂದು. ಹಣ್ಣಾಗಿದ್ದರೆ ಎಲೆ ತಾನಾಗಿ ಕೈಗೆ ಬರುತ್ತದೆ. ನೀರಿಲ್ಲದೆ ಒಮ್ಮೆಲೇ ಒಣಗಿದ ಗಿಡದಲ್ಲಿ ಎಲೆಗಳು ಕಂದಾಗಿ ರೆಂಬೆಯಲ್ಲೇ ನೇತಾಡುತ್ತವೆ, ಏಕೆಂದರೆ ಕಳಚುವ ಪದರ ಬೆಳೆಯಲು ಜೀವಂತ ಕೋಶಗಳು ಬೇಕು, ಅವಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಸಾಮಾನ್ಯವಾಗಿ ಕಬ್ಬಿಣಾಂಶದ ಕೊರತೆ. ಬೋರ್‌ವೆಲ್‌ನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದ ಕುಂಡಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ.

ಈಗ ಉದುರುವ ಮುನ್ನ ಎಲೆ ಕೆಂಪೇರುವುದಕ್ಕೆ ಹೆಸರಾದ ಜಪಾನಿನ ಮೇಪಲ್ ಮರದ ವಿಷಯ. ಕ್ಯೋಟೋ ನಗರದಲ್ಲಿ ನವೆಂಬರ್ ಉತ್ತರಾರ್ಧದಲ್ಲಿ ಹಗಲು ತಿಳಿಬಿಸಿಲಿನದ್ದು, ರಾತ್ರಿ ತಂಪು. ಹಗಲಲ್ಲಿ ಎಲೆ ಮಾಡಿಕೊಂಡ ಸಕ್ಕರೆ ತಂಪಿನ ರಾತ್ರಿಯಲ್ಲಿ ಉಸಿರಾಟಕ್ಕೆ ಕಡಿಮೆ ಖರ್ಚಾಗುತ್ತದೆ, ಉಳಿದದ್ದು ಕೆಂಪಾಗುತ್ತದೆ. ಇದಕ್ಕೂ ಮೊದಲು, ಎಲೆ ಹಣ್ಣಾಗಿಸುವ ಸಮಯ ಬಂತೆಂದು ಮರಕ್ಕೆ ತಿಳಿಸುವುದು ಕುಗ್ಗುವ ಹಗಲು ಮತ್ತು ಇಳಿಯುವ ಉಷ್ಣತೆ. ಕ್ಯೋಟೋದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ನಾಲ್ಕೂವರೆ ಗಂಟೆಗಿಂತ ಹೆಚ್ಚು ಅಂತರವಿದ್ದರೆ, ಬೆಂಗಳೂರಿನಲ್ಲಿ ಅದು ಸುಮಾರು ಒಂದೂವರೆ ಗಂಟೆ ಮಾತ್ರ, ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ. ಇಲ್ಲಿನ ಹವೆಗೆ ಒಗ್ಗುತ್ತದೆ ಎಂಬ ಮಾತನ್ನು ನಂಬಿ ನಾನೂ ಹಿಂದೊಮ್ಮೆ ಎರಡು ಮೇಪಲ್ ಗಿಡಗಳನ್ನು ತಂದಿದ್ದೆ. ಅವು ಬೇಸಿಗೆಯಲ್ಲಿ ಎಲೆಯ ಅಂಚು ಸುಟ್ಟುಕೊಂಡು, ಚಳಿಗಾಲದಲ್ಲಿ ಪೂರ್ತಿ ಎಲೆ ಉದುರಿಸದೆ, ವಿಶ್ರಾಂತಿಯೇ ಇಲ್ಲದೆ ವರ್ಷದಿಂದ ವರ್ಷಕ್ಕೆ ಸೊರಗಿ ಮೂರನೆಯ ವರ್ಷ ಹೋದವು. ಗಿಡಕ್ಕೆ ನಾವು ಕೊಡಲಾಗದ ಋತುವನ್ನು ಅದರಿಂದ ಬೇಡುವುದು ನ್ಯಾಯವಲ್ಲ. ಬಯಲುಸೀಮೆಯವರು ಮೇಪಲ್ ಕೊಳ್ಳಬೇಡಿ ಎಂದೇ ನನ್ನ ಸಲಹೆ.

ಚಳಿಯ ಊರುಗಳಲ್ಲಿ ನೆಲೆಸಿ ಮೇಪಲ್ ಬೋನ್ಸಾಯ್ ಸಾಕುತ್ತಿರುವ ಕನ್ನಡಿಗರು ಬಣ್ಣದ ಕಾಳಜಿಯನ್ನು ಬೇಸಿಗೆಯಲ್ಲೇ ಶುರುಮಾಡಬೇಕು. ಅಂಚು ಸುಟ್ಟ ಎಲೆ ಮುಂದೆ ಬಣ್ಣ ಕಟ್ಟುವುದಿಲ್ಲ. ಆದ್ದರಿಂದ ಕಡುಬಿಸಿಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ಬೇಕು, ಕುಂಡ ಒಮ್ಮೆಯೂ ಒಣಗಬಾರದು. ಆ ತಿಂಗಳುಗಳು ಕಳೆದು ಬಿಸಿಲು ಇಳಿದ ಮೇಲೆ ಗಿಡವನ್ನು ತೆರೆದ ಜಾಗಕ್ಕೆ ಸರಿಸಿ, ಸಾರಜನಕ ಹೆಚ್ಚಿರುವ ಗೊಬ್ಬರವನ್ನು ನಿಲ್ಲಿಸಬೇಕು. ಚಳಿಯೆಂದು ಮರುಗಿ ಬೆಚ್ಚಗಿನ ಕೋಣೆಗೆ ತರಬಾರದು, ರಾತ್ರಿಯಿಡೀ ಉರಿಯುವ ದೀಪದ ಕೆಳಗೂ ಇಡಬಾರದು. ಅರ್ಧ ಬಣ್ಣ ಬಂದ ಎಲೆಗಳನ್ನು ಅಂದಕ್ಕಾಗಿ ಕೀಳುವುದೆಂದರೆ ಮರ ಇನ್ನೂ ಒಳಗೆಳೆದುಕೊಳ್ಳುತ್ತಿರುವ ಸಾರವನ್ನು ಕಸಿದುಕೊಂಡಂತೆ.

ನಮ್ಮ ನಾಡಿನಲ್ಲಿ ಕೆಂಪು ಹೆಚ್ಚಾಗಿ ಬರುವುದು ಎಲೆಯ ಇನ್ನೊಂದು ತುದಿಯಲ್ಲಿ, ಚಿಗುರಿನಲ್ಲಿ. ಕೆಂದಳಿರು ಎಂಬ ಹಳೆಯ ಪದ ಕನ್ನಡದಲ್ಲಿರುವುದು ಸುಮ್ಮನೆ ಅಲ್ಲ. ಮಾವು, ಅರಳಿ, ಬಸರಿ, ಹಿಪ್ಪೆಗಳ ಎಳೆಯ ಎಲೆಯಲ್ಲಿರುವುದೂ ಆಂಥೋಸಯನಿನ್ನೇ; ಬಿಸಿಲನ್ನು ಬಳಸಿಕೊಳ್ಳುವ ವ್ಯವಸ್ಥೆ ಇನ್ನೂ ಬಲಿಯದ ಎಲೆಗೆ ಅದೂ ಪರದೆಯಾಗುತ್ತದೆ ಎಂಬ ವಿವರಣೆಯಿದೆ. ಬೋನ್ಸಾಯ್‌ಗೆ ಇವುಗಳಲ್ಲಿ ಬಸರಿಯನ್ನೇ ನಾನು ಮೊದಲು ಹೇಳುತ್ತೇನೆ. ಚಳಿ ಮುಗಿಯುತ್ತ ಬಂದಂತೆ ಹಳೆಯ ಎಲೆಗಳು ಹಳದಿಯಾಗತೊಡಗಿದಾಗ, ಗಿಡ ಗಟ್ಟಿಮುಟ್ಟಾಗಿದ್ದರೆ ಮಾತ್ರ, ಉಳಿದ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ, ಕುಂಡವನ್ನು ಪೂರ್ಣ ಬಿಸಿಲಿಗಿಡಬೇಕು. ಎಲೆಯಿಲ್ಲದ ಗಿಡ ಕಡಿಮೆ ನೀರು ಕುಡಿಯುವುದರಿಂದ ಆ ದಿನಗಳಲ್ಲಿ ಮಣ್ಣಿನ ಮೇಲ್ಪದರ ಆರಿದ ಮೇಲಷ್ಟೇ ನೀರು ಹಾಕಬೇಕು. ಕೆಲವು ವಾರಗಳಲ್ಲಿ ಮೊಗ್ಗಿನ ಹೊದಿಕೆಗಳು ಬಿರಿದು ಮಣ್ಣಿನ ಮೇಲೆ ಉದುರುತ್ತವೆ, ಇಡೀ ಗಿಡ ತಾಮ್ರದ ಬಣ್ಣದ ತಳಿರು ತಳೆಯುತ್ತದೆ. ಎಲೆ ಬಲಿತು ಹಸಿರಾಗುವವರೆಗಿನ ಆ ಕೆಲವೇ ದಿನಗಳಲ್ಲಿ ಕುಂಡವನ್ನು ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಬೇಕು. ಇಲ್ಲವಾದರೆ ಕಾಡುಬಾದಾಮಿಯ ಎಲೆಯಲ್ಲಿ ನೆರಳು ಬಿದ್ದ ಜಾಗದ ಹಾಗೆ, ಗೋಡೆಯ ಕಡೆಗಿರುವ ಚಿಗುರು ಬಣ್ಣ ಕಟ್ಟದೆ ಉಳಿಯುತ್ತದೆ.