ಕರ್ನೆಲ್‌ನ ಸೋಲಿನ ದಾರಿ: ಒಂದು ಸಾಲಿನ ತಿದ್ದುಪಡಿಯ ಹಿನ್ನೆಲೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬುಗಳಲ್ಲಿಯೂ, ಕೇರಳದ ಉಳಿದ ಸರ್ಕಾರಿ ಶಾಲೆಗಳಂತೆ, ಲಿನಕ್ಸ್ ಕರ್ನೆಲ್ (ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಕಂಪ್ಯೂಟರನ್ನು ನಡೆಸುವ ತಿರುಳು) ಆಧರಿಸಿದ ಕಂಪ್ಯೂಟರುಗಳಿವೆ. ಬದಿಯಡ್ಕದ ಕಡೆಯ ಅಂಥದೊಂದು ಲ್ಯಾಬಿನಲ್ಲಿ, ಸಡಿಲವಾದ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದ ಕ್ಯಾಮೆರಾ ಪೂರ್ತಿ ಗುರುತಾಗುವ ಮೊದಲೇ ಕಳಚಿಕೊಂಡು, ಯಂತ್ರವೇ ಸ್ತಬ್ಧವಾದುದನ್ನು ಕಂಡಿದ್ದೇನೆ. ಕೇಬಲ್ ಕಳಚುವುದು ಸಹಜ. ಅದಕ್ಕಾಗಿ ಕಂಪ್ಯೂಟರ್ ನಿಂತುಬಿಡುವುದು ಸಹಜವಲ್ಲ. ಸೋಲನ್ನು ನಿಭಾಯಿಸುವ ಸಾಲುಗಳಲ್ಲೇ ತಪ್ಪಿದ್ದರೆ ಹೀಗಾಗಬಹುದು.

ಕೆಲಸ ಕೆಟ್ಟರೆ ಋಣ ಸಂಖ್ಯೆಯೊಂದನ್ನು ಹಿಂದಿರುಗಿಸುವುದು ಕರ್ನೆಲ್‌ನ ರೂಢಿ. ಈ ದೋಷಸಂಖ್ಯೆಗಳು ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಕಾಲದಿಂದ ಹರಿದು, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೂ ಬಂದವು. ಮೆಮೊರಿ ಸಿಗದಿದ್ದರೆ -12, ಓದುವಿಕೆ ಅಥವಾ ಬರೆಯುವಿಕೆ ಕೆಟ್ಟರೆ -5.

ತೊಡಕಿರುವುದು ಸಂಖ್ಯೆ ಬಂದ ಮೇಲಿನ ಕೆಲಸದಲ್ಲಿ. ಸಾಧನವನ್ನು ನಡೆಸುವ ಕೋಡ್ ಆದ ಡ್ರೈವರ್ ಒಂದು ಮೊದಲು ಮೆಮೊರಿ, ಆಮೇಲೆ ಇಂಟರಪ್ಟ್ (ಸಾಧನವು ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಪಡೆದು, ಮೂರನೆಯ ಹಂತದಲ್ಲಿ ಸೋತರೆ, ಚಪ್ಪರ ಬಿಚ್ಚುವವರು ಕೊನೆಗೆ ಕಟ್ಟಿದ್ದನ್ನು ಮೊದಲು ಬಿಚ್ಚುವಂತೆ, ಪಡೆದುದನ್ನೆಲ್ಲ ಹಿಮ್ಮುಖ ಕ್ರಮದಲ್ಲಿ ಬಿಟ್ಟುಕೊಡಬೇಕು. 1968ರಲ್ಲಿ ಗಣಕವಿಜ್ಞಾನಿ ಡೈಕ್‌ಸ್ಟ್ರಾ ಹಾನಿಕರವೆಂದು ವಾದಿಸಿದ ‘ಗೋಟೂ’ವನ್ನೇ (ಕೋಡ್‌ನ ಬೇರೊಂದು ಗುರುತಿಗೆ ಜಿಗಿಯುವ ಆದೇಶ) ಕರ್ನೆಲ್‌ನವರು ಇದಕ್ಕೆ ನೆಚ್ಚಿಕೊಂಡಿದ್ದಾರೆ, ಈ ಒಂದು ಕೆಲಸಕ್ಕೆ ಅದು ಸರಿಯೆಂದೇ ನನಗೂ ತೋರುತ್ತದೆ. ಆದರೆ ನಡುವೆ ಹೊಸ ಹಂತವೊಂದನ್ನು ಸೇರಿಸಿದವರು ಜಿಗಿಯುವ ಗುರುತನ್ನು ಬದಲಿಸಲು ಮರೆತರೆ ಇಂಟರಪ್ಟ್ ಉಳಿದು, ಮೆಮೊರಿ ಮಾತ್ರ ಬಿಡುಗಡೆಯಾಗುತ್ತದೆ. ಮುಂದಿನ ಇಂಟರಪ್ಟ್ ಬಿಟ್ಟುಕೊಟ್ಟ ಜಾಗವನ್ನೇ ಮುಟ್ಟುತ್ತದೆ.

ಇನ್ನೊಂದು ಬಗೆ ಇನ್ನೂ ನವಿರಾದುದು. ಕೆಲವು ಫಂಕ್ಷನ್‌ಗಳು ಸೋತಾಗ ನಲ್ (ಏನೂ ಇಲ್ಲವೆಂಬ ಖಾಲಿ ವಿಳಾಸ) ಕೊಡುತ್ತವೆ, ಕೆಲವು ದೋಷಸಂಖ್ಯೆಯನ್ನೇ ಪಾಯಿಂಟರ್, ಅಂದರೆ ಮೆಮೊರಿ ವಿಳಾಸದ ವೇಷದಲ್ಲಿ ಕೊಡುತ್ತವೆ. ವಿಳಾಸಗಳ ತುತ್ತತುದಿಯ 4095 ಸ್ಥಾನಗಳು ಅದಕ್ಕೆಂದೇ ಮೀಸಲು. -12 ನಲ್ ಅಲ್ಲವಾದ್ದರಿಂದ, ನಲ್ ಮಾತ್ರ ಪರೀಕ್ಷಿಸುವ ಕೋಡ್ ಅದನ್ನು ಸಾಚಾ ವಿಳಾಸವೆಂದು ನಂಬಿ ಮುಂದುವರಿಯುತ್ತದೆ. ನಲ್ ಪರೀಕ್ಷೆಯ ಬದಲು, ಇಂಥ ವೇಷವನ್ನು ಗುರುತಿಸುವ ‘ಈಸ್ ಎರ್’ (IS_ERR) ಪರೀಕ್ಷೆಯನ್ನು ಬರೆದರೆ ತಿದ್ದುಪಡಿ ಮುಗಿಯಿತು.

ಅಷ್ಟು ಸಣ್ಣ ತಪ್ಪು ವರ್ಷಗಟ್ಟಲೆ ಉಳಿಯುವುದು, ಆ ಸಾಲುಗಳು ಓಡುವ ಸಂದರ್ಭವೇ ಅಪರೂಪವಾದ್ದರಿಂದ. ಬೇಕೆಂದೇ ಮೆಮೊರಿ ನಿರಾಕರಿಸಿ ಪರೀಕ್ಷಿಸುವ ಸೌಲಭ್ಯ 2007ರ 2.6.20 ಆವೃತ್ತಿಯಲ್ಲಿ ಬಂತು. ಕೋಡ್‌ನ ಆ ಭಾಗದ ವ್ಯಾಪ್ತಿ ಮುಗಿದೊಡನೆ ಪಡೆದುದನ್ನು ತಾನಾಗಿ ಬಿಟ್ಟುಕೊಡುವ ಏರ್ಪಾಡು 2023ರ 6.5ರಲ್ಲಿ. ಎಲ್ಲ ಭಾರವನ್ನೂ ಬರೆಯುವವರ ನೆನಪಿನ ಮೇಲೆ ಹೊರಿಸಿದ್ದು ತುಸು ದೀರ್ಘಕಾಲವೇ ಆಯಿತೇನೋ. ಹಳೆಯ ಡ್ರೈವರುಗಳಲ್ಲಿ ಹಲವು ಈಗಲೂ ಹಳೆಯ ಕ್ರಮದಲ್ಲೇ ಇವೆ.

ತಿದ್ದುಪಡಿಯೊಂದಿಗೆ, ತಪ್ಪು ಯಾವ ಬದಲಾವಣೆಯಿಂದ ಬಂತೆಂದು ಅದರ ಗುರುತಿನ ಮೊದಲ 12 ಅಕ್ಷರಗಳನ್ನು ಬರೆಯುವ ಪದ್ಧತಿಯಿದೆ. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಅದೇ ದಾರಿಸೂಚಿ. ಶಾಲೆಯ ಲ್ಯಾಬಿಗೆ ತಿದ್ದುಪಡಿ ತಲುಪುವುದು, ಯಾರಾದರೂ ಕುಳಿತು ಅಪ್‌ಡೇಟ್ ಹಾಕಿದ ದಿನ.