ನಗುವ ಬುದ್ಧನ ಹೊಟ್ಟೆ ಸವರಿದರೆ ಐಶ್ವರ್ಯ ಬರುತ್ತದೆಯೇ?

ಪ್ರಶ್ನೆ: ಕುಟುಂಬದೊಂದಿಗೆ ಚೀನಾ ಪ್ರವಾಸಕ್ಕೆ ಹೊರಟಿದ್ದೇವೆ. ಹಾಂಗ್‌ಝೌ ನಗರದ ಲಿಂಗ್‌ಯಿನ್ ದೇವಾಲಯದಲ್ಲಿ ಪ್ರಾರ್ಥನೆ ಸಲ್ಲಿಸುವ ಆಸೆಯಿದೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು? ನಗುವ ಬುದ್ಧನ ಹೊಟ್ಟೆ ಸವರಿದರೆ ಹಣ ಬರುತ್ತದೆ ಎನ್ನುವುದು ನಿಜವೇ?

ಉತ್ತರ: ಮೊದಲ ಭಾಗಕ್ಕೆ ಉತ್ತರ ಸುಲಭ. ಊದುಬತ್ತಿಯನ್ನು ನೀವು ಕೊಂಡೊಯ್ಯಬೇಕಾಗಿಲ್ಲ. ಭಕ್ತರಿಗೆ ಮೂರು ಕಡ್ಡಿಗಳನ್ನು ದೇವಾಲಯವೇ ಉಚಿತವಾಗಿ ಕೊಡುತ್ತದೆ. ಬುದ್ಧ, ಧರ್ಮ, ಸಂಘ ಎಂಬ ತ್ರಿರತ್ನಗಳಿಗೆ ಒಂದೊಂದರಂತೆ ಮೂರೇ ಸಾಕು, ಕಟ್ಟುಗಟ್ಟಲೆ ಹಚ್ಚಿದವರಿಗೆ ಹೆಚ್ಚಿನ ಪುಣ್ಯವೇನೂ ಇಲ್ಲ. ಉರಿಯನ್ನು ಬಾಯಿಂದ ಊದಬಾರದು, ಕೈಬೀಸಿ ಆರಿಸಬೇಕು. ದೀಪವನ್ನು ಬಾಯಿಂದ ಊದಿ ಆರಿಸಬಾರದೆಂದು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡ್ಡಿಗಳನ್ನು ಹಣೆಯ ಮಟ್ಟಕ್ಕೆತ್ತಿ ಬಾಗಿ ನಮಸ್ಕರಿಸಿ, ಅಂಗಳದ ಧೂಪಪಾತ್ರೆಯಲ್ಲಿ ನೆಟ್ಟು, ಹೊಸ್ತಿಲನ್ನು ತುಳಿಯದೆ ದಾಟಿ ಒಳಗೆ ಹೋಗಿ. ಮಂದಿರದೊಳಗೆ ಮಂಡಿಯೂರಲು ಮೆತ್ತೆಗಳಿರುತ್ತವೆ. ಕೈಮುಗಿದು ಕನ್ನಡದಲ್ಲಿಯೇ ಬೇಡಿಕೊಳ್ಳಿ.

ಎರಡನೆಯ ಭಾಗಕ್ಕೆ ಎಷ್ಟು ಬಾರಿ ಉತ್ತರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರಶ್ನೆ ನಿಂತಿಲ್ಲ. ಆದ್ದರಿಂದ ಈ ಬಾರಿ ಬುಡದಿಂದಲೇ ಹೇಳುತ್ತೇನೆ. ನಮ್ಮ ಉಡುಗೊರೆ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಡೊಳ್ಳುಹೊಟ್ಟೆ ಬಿಟ್ಟುಕೊಂಡು ನಗುತ್ತ ಕುಳಿತಿರುವವರು ಶಾಕ್ಯಮುನಿ ಗೌತಮ ಬುದ್ಧರಲ್ಲ. ಅವರು ಬುದೈ ಎಂಬ ಚೀನೀ ಭಿಕ್ಷು. ಹಾಂಗ್‌ಝೌ ಇರುವ ಝೆಜಿಯಾಂಗ್ ಪ್ರಾಂತ್ಯದಲ್ಲಿಯೇ, ಫೆಂಗ್‌ಹುವಾ ಎಂಬಲ್ಲಿ ಅವರು ಬಾಳಿದರೆಂದೂ ಹತ್ತನೆಯ ಶತಮಾನದ ಆರಂಭದಲ್ಲಿ ತೀರಿಕೊಂಡರೆಂದೂ ಪರಂಪರೆ ಹೇಳುತ್ತದೆ. ಬುದೈ ಎಂದರೆ ಬಟ್ಟೆಯ ಚೀಲ. ಭಿಕ್ಷೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಊರೂರು ಅಲೆಯುತ್ತಿದ್ದುದರಿಂದ ಜನ ಅವರನ್ನು ಹಾಗೆ ಕರೆದರು. ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನು ಲೆಕ್ಕವಿಲ್ಲದಷ್ಟು ರೂಪಗಳಲ್ಲಿ ಜನರ ನಡುವೆ ಕಾಣಿಸಿಕೊಂಡರೂ ಜನ ಅವನನ್ನು ಗುರುತಿಸುವುದಿಲ್ಲ ಎಂಬರ್ಥದ ಪದ್ಯವನ್ನು ಹೇಳಿ ಅವರು ಪ್ರಾಣಬಿಟ್ಟರೆಂಬ ಐತಿಹ್ಯವಿದೆ. ಅಂದಿನಿಂದ ಅವರನ್ನು ಮೈತ್ರೇಯನ ಅವತಾರವೆಂದು ಚೀನೀಯರು ಪೂಜಿಸುತ್ತಾರೆ.

ಹೆಗಲಿಗೆ ಚೀಲ ಬಿಟ್ಟರೆ ಬೇರೆ ಆಸ್ತಿಯೇ ಇಲ್ಲದ ಭಿಕ್ಷುವನ್ನು ನಾವು ಧನದ ದೇವತೆಯನ್ನಾಗಿ ಮಾಡಿಕೊಂಡಿದ್ದೇವೆ. ಹೊಟ್ಟೆ ಸವರಿದರೆ ಲಾಭವಾಗುತ್ತದೆ, ಮೂರ್ತಿಯನ್ನು ತಾನೇ ಕೊಳ್ಳಬಾರದು, ಯಾರಾದರೂ ಉಡುಗೊರೆಯಾಗಿ ಕೊಟ್ಟರೆ ಮಾತ್ರ ಫಲ ಎಂಬ ಮಾತುಗಳಿಗೆ ಬೌದ್ಧ ಸೂತ್ರಗಳಲ್ಲಿ ಆಧಾರವಿಲ್ಲ. ಹೊಟ್ಟೆ ಸವರುವ ರೂಢಿ ಚೀನಾದ ಜನಸಾಮಾನ್ಯರಲ್ಲಿಯೂ ಉಂಟು, ಆದರೆ ಅದು ಪೂಜಾವಿಧಿಯಲ್ಲ. ಆ ದೊಡ್ಡ ಹೊಟ್ಟೆಯನ್ನು ಚೀನೀ ಬೌದ್ಧರು ಎಲ್ಲವನ್ನೂ ಸೈರಿಸಿಕೊಳ್ಳುವ ಹೃದಯವೈಶಾಲ್ಯದ ಗುರುತೆಂದು ಕಾಣುತ್ತಾರೆ. ಲಿಂಗ್‌ಯಿನ್‌ನ ಎದುರಿಗಿರುವ ಫೆಯ್‌ಲೈ ಬೆಟ್ಟದ ಸುಣ್ಣಕಲ್ಲಿನಲ್ಲಿ, ಸೋಂಗ್ ಅರಸರ ಕಾಲದಲ್ಲಿ ಕಡೆದ ಬುದೈ ಇದ್ದಾರೆ: ಎದೆ ತೆರೆದಿದೆ, ಒಂದು ಕೈ ಚೀಲದ ಮೇಲಿದೆ, ಇನ್ನೊಂದರಲ್ಲಿ ಜಪಮಾಲೆಯಿದೆ, ಸುತ್ತಲೂ ಅರ್ಹಂತರು, ಅಂದರೆ ಜ್ಞಾನ ಪಡೆದ ಬೌದ್ಧ ಸಾಧಕರು, ಇದ್ದಾರೆ. ಈ ಶಿಲ್ಪಗಳು 1982ರಿಂದ ರಾಷ್ಟ್ರೀಯ ಸಂರಕ್ಷಣೆಯಲ್ಲಿವೆ. ಶತಮಾನಗಳ ಮಳೆಗಾಳಿ ತಡೆದುಕೊಂಡ ಈ ಕಲ್ಲನ್ನು ದಯವಿಟ್ಟು ಯಾರೂ ಮುಟ್ಟಬೇಡಿ.

ಅಂದ ಹಾಗೆ, ಫೆಯ್‌ಲೈ ಎಂದರೆ ಹಾರಿ ಬಂದದ್ದು. ನಾಲ್ಕನೆಯ ಶತಮಾನದಲ್ಲಿ ಈ ದೇವಾಲಯವನ್ನು ಸ್ಥಾಪಿಸಿದ ಹುಯ್‌ಲಿ ಎಂಬ ಭಿಕ್ಷು ಭಾರತದಿಂದ ಬಂದವರು. ಈ ಬೆಟ್ಟವನ್ನು ಕಂಡು, ಇದು ಮಗಧದ ಗೃಧ್ರಕೂಟವಲ್ಲವೇ, ಇಲ್ಲಿಗೆ ಯಾವಾಗ ಹಾರಿ ಬಂತು ಎಂದು ಅವರು ಬೆರಗಾದರೆಂಬುದು ಸ್ಥಳಪುರಾಣ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಹಾಗಾದರೆ ಧನದ ಅಧಿಪತಿ ಅಲ್ಲಿ ಇಲ್ಲವೇ? ಇದ್ದಾನೆ, ಬುದೈ ಕುಳಿತಿರುವ ಮೊದಲ ಮಂದಿರದಲ್ಲಿಯೇ ಇದ್ದಾನೆ. ಆ ಮಂದಿರದ ಎರಡೂ ಬದಿಗಳಲ್ಲಿ ನಿಂತ ನಾಲ್ವರು ದಿಕ್ಪಾಲಕರ ಪೈಕಿ, ಛತ್ರಿ ಹಿಡಿದ ಉತ್ತರ ದಿಕ್ಕಿನ ವೈಶ್ರವಣನೇ ನಮ್ಮ ಕುಬೇರ. ಕೈಯಲ್ಲಿ ಹಾವಿರುವ ಪಶ್ಚಿಮದವನ ಹೆಸರು ವಿರೂಪಾಕ್ಷ. ಹಂಪಿಯ ಸ್ವಾಮಿಯ ಹೆಸರನ್ನು ಅಲ್ಲಿ ಕೇಳಿದಾಗ ನಮ್ಮವರಿಗೆ ಮೈ ಜುಮ್ಮೆನ್ನದೆ ಇರದು, ಆದರೆ ಅವನು ಶಿವನಲ್ಲ. ಖಡ್ಗ ಹಿಡಿದವನು ದಕ್ಷಿಣದ ವಿರೂಢಕ, ವೀಣೆಯಂಥ ಪಿಪಾ ಹಿಡಿದವನು ಪೂರ್ವದ ಧೃತರಾಷ್ಟ್ರ. ಖಡ್ಗದ ಅಲಗಿಗೂ ಗಾಳಿಗೂ ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರ, ಆದ್ದರಿಂದ ಖಡ್ಗ ಗಾಳಿಗೆ ಸಂಕೇತ; ಪಿಪಾ ಶ್ರುತಿಗೆ, ಅಂದರೆ ಹದಕ್ಕೆ, ಛತ್ರಿ ಮಳೆಗೆ, ಹಾವು ಅನುಕೂಲಕ್ಕೆ ಸಂಕೇತ. ನಾಲ್ಕನ್ನೂ ಸೇರಿಸಿ ಓದಿದರೆ, ಗಾಳಿ ಹದವಾಗಿ ಬೀಸಲಿ, ಮಳೆ ಕಾಲಕ್ಕೆ ಸರಿಯಾಗಿ ಬರಲಿ ಎಂಬ ಹರಕೆಯಾಗುತ್ತದೆ. ನಮ್ಮ ಪೂಜೆಗಳ ಕೊನೆಯಲ್ಲಿ ಹೇಳುವ ‘ಕಾಲೇ ವರ್ಷತು ಪರ್ಜನ್ಯಃ’ ಬೇಡುವುದೂ ಇದನ್ನೇ. ಅಲ್ಲಿ ನಿಂತು ಏನು ಬೇಡಿಕೊಳ್ಳಬೇಕೆಂದು ತಿಳಿಯದಿದ್ದರೆ ಆ ಶ್ಲೋಕವನ್ನು ಹೇಳಿಕೊಳ್ಳಿ.