ವೈಟ್ ಸ್ಪಾಟ್ ಮೂರು ದಿನಕ್ಕೆ ಹೋಯ್ತು, ಮತ್ತೆ ಯಾಕೆ ಬಂತು?

ಪ್ರಶ್ನೆ: ನಮ್ಮನೇಲಿ ಎರಡಡಿ ಟ್ಯಾಂಕ್ ಇದೆ, ನಾಲ್ಕು ಮೊಲ್ಲಿ, ಒಂದಷ್ಟು ಗಪ್ಪಿ, ಎರಡು ಶಾರ್ಕ್. ಹೊಸ ಮೀನು ತಂದು ಬಿಟ್ಟ ಒಂದು ವಾರಕ್ಕೆ ಎಲ್ಲದರ ಮೈಮೇಲೂ ಬಿಳಿ ಚುಕ್ಕೆ ಬಂತು. ಅಂಗಡೀಲಿ ಕೊಟ್ಟ ಡ್ರಾಪ್ಸ್ ಹಾಕ್ದೆ, ಮೂರೇ ದಿನಕ್ಕೆ ಕ್ಲೀನ್ ಆಯ್ತು. ಈಗ ಮತ್ತೆ ಬಂದಿದೆ, ಮೊದ್ಲಿಗಿಂತ ಜಾಸ್ತಿ. ಔಷಧಿ ಡೂಪ್ಲಿಕೇಟ್ ಇರ್ಬಹುದಾ? ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೀಬೇಕಾ?

ಉತ್ತರ: ಚಳಿಗಾಲ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತೆ, ಹೆಚ್ಚುಕಮ್ಮಿ ಇದೇ ಮಾತಲ್ಲಿ. ಔಷಧಿ ಡೂಪ್ಲಿಕೇಟ್ ಇರ್ಲಿಕ್ಕಿಲ್ಲ. ಆದ್ರೆ ಮೂರು ದಿನಕ್ಕೆ ಚುಕ್ಕೆ ಹೋಗಿದ್ದು ಔಷಧಿಯಿಂದ ಅಲ್ಲ, ನೀವು ಏನೂ ಹಾಕ್ದೇ ಇದ್ರೂ ಅವತ್ತಿಗೆ ಹೋಗ್ತಿತ್ತು. ಮೀನಿನ ಮೈಮೇಲೆ ಕೂತು ತಿಂದು ದಪ್ಪ ಆಗಿದ್ದ ಪರಾವಲಂಬಿ ತನ್ನ ಟೈಮ್ ಮುಗೀತು ಅಂತ ಇಳಿದು ಹೋಗಿದೆ, ಕೆಳಗೆ ಕಲ್ಲಿನ ಮಧ್ಯೆ ಕೂತು ಮರಿ ಮಾಡಿದೆ, ನೀವು ವಾಸಿ ಆಯ್ತು ಅಂತ ಔಷಧಿ ನಿಲ್ಸಿದ ಹೊತ್ತಿಗೆ ಸರಿಯಾಗಿ ಆ ಮರಿಗಳು ಹೊರಗೆ ಬಂದಿವೆ. ಇದೊಂದು ವಿಷಯ ತಲೇಲಿ ಕೂತ್ರೆ ಮಿಕ್ಕಿದ್ದು ಸುಲಭ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳ್ತೀನಿ.

ಈ ಜೀವಿ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್, ಮೀನು ಸಾಕೋರು ಚಿಕ್ಕದಾಗಿ ಇಚ್ ಅಂತಾರೆ. 1876ರಲ್ಲಿ ಫ್ರಾನ್ಸಿನ ಫೂಕೆ ಅನ್ನೋ ವಿಜ್ಞಾನಿ ಇಟ್ಟ ಹೆಸರು, ಬಿಡಿಸಿ ಹೇಳಿದ್ರೆ ತುಂಬಾ ಮಕ್ಕಳಿರೋ ಮೀನಿನ ಹೇನು ಅಂತ. ಹೇನು ಅಂದ್ರೂ ಅದು ಹುಳ ಅಲ್ಲ, ಒಂದೇ ಜೀವಕೋಶದ ಜೀವಿ, ಪೂರ್ತಿ ಬೆಳೆದ್ರೂ ಒಂದು ಮಿಲಿಮೀಟರ್ ಆಸುಪಾಸು. ಆದ್ರೆ ಆ ತುಂಬಾ ಮಕ್ಕಳು ಅನ್ನೋದು ಮಾತ್ರ ಅಕ್ಷರಶಃ ನಿಜ. ಚರ್ಮದ ಒಳಗೆ ಬೆಳೆದಿದ್ದು ಮೀನನ್ನ ಬಿಟ್ಟು ಇಳಿದು, ಕೆಲವೇ ಗಂಟೆಯೊಳಗೆ ಕಲ್ಲಿಗೋ ಗಿಡಕ್ಕೋ ಫಿಲ್ಟರ್ ಪೈಪಿಗೋ ಅಂಟ್ಕೊಂಡು, ಸುತ್ತ ಲೋಳೆ ಗೂಡು ಕಟ್ಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೀತಾ ಹೋಗುತ್ತೆ, ಒಂದೊಂದು ಗೂಡಿಂದ ನೂರಾರು, ಕೆಲವು ಸಲ ಸಾವಿರದವರೆಗೂ ಮರಿ ಬರುತ್ತೆ. ಅವು ಈಜ್ಕೊಂಡು ಮೀನು ಹುಡುಕ್ತಾವೆ, ಒಂದೆರಡು ದಿನದೊಳಗೆ ಸಿಗ್ಲಿಲ್ಲ ಅಂದ್ರೆ ಸಾಯ್ತಾವೆ, ಸಿಕ್ರೆ ಚರ್ಮ ಕೊರೆದು ಒಳಗೆ.

ಈಗ ಔಷಧಿ ಕಡೆ ಬನ್ನಿ. ನೀರಿಗೆ ಹಾಕಿದ ಔಷಧಿ ಚರ್ಮದ ಕೆಳಗೆ ಇರೋದನ್ನ ಮುಟ್ಟೋಕಾಗಲ್ಲ. ಗೂಡಿನ ಒಳಗೆ ಇರೋದನ್ನೂ ಸರಿಯಾಗಿ ಮುಟ್ಟಲ್ಲ. ಅದು ಕೊಲ್ಲೋದು ನೀರಲ್ಲಿ ಈಜ್ತಾ ಇರೋ ಮರಿಗಳನ್ನ ಮಾತ್ರ, ಅಂದ್ರೆ ನಮ್ಮ ಕಣ್ಣಿಗೆ ಕಾಣದೇ ಇರೋದನ್ನ. ಹಂಗಾಗಿ ಚುಕ್ಕೆ ನೋಡ್ಕೊಂಡು ಔಷಧಿ ಶುರು ಮಾಡೋದು ಸರಿ, ಚುಕ್ಕೆ ನೋಡ್ಕೊಂಡು ನಿಲ್ಸೋದು ತಪ್ಪು. ಕೊನೇ ಚುಕ್ಕೆ ಹೋದ ದಿನ ಕ್ಯಾಲೆಂಡರಲ್ಲಿ ಗುರುತು ಮಾಡಿ, ಅಲ್ಲಿಂದ ಇನ್ನೂ ಒಂದು ವಾರ ಟ್ರೀಟ್ಮೆಂಟ್ ನಡೀಬೇಕು. ಒಟ್ಟು ಎರಡು ವಾರ ಅಂತ ಮೊದ್ಲೇ ಮನಸ್ಸಲ್ಲಿ ಲೆಕ್ಕ ಇಟ್ಕೊಳ್ಳಿ.

ನನ್ನ ಮೊದಲನೇ ಟ್ಯಾಂಕಲ್ಲಿ ನಾನೂ ಇದೇ ಮಾಡಿದ್ದು. ಒಂಬತ್ತು ಮೀನಲ್ಲಿ ಎರಡು ಉಳೀತು. ಅಮ್ಮ ನೋಡಿ ಮೀನಿಗೂ ಅಮ್ಮ ಬಂದಿದೆ ಕಣೋ ಅಂದ್ರು, ನಿಜಕ್ಕೂ ಹಂಗೇ ಕಾಣ್ತಿತ್ತು, ಮೈಗೆಲ್ಲ ಸಣ್ಣ ರವೆ ಉದುರಿಸಿದ ಹಾಗೆ. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಪಕ್ಕದಿಂದ ಹಿಡಿದು ನೋಡಿದ್ರೆ ಒಂದೊಂದು ಚುಕ್ಕೆಯೂ ಚರ್ಮದಿಂದ ಸ್ವಲ್ಪ ಉಬ್ಬಿ ನಿಂತಿರೋದು, ಬಾಲದ ರೆಕ್ಕೆ ಮೇಲೆ ಲೆಕ್ಕ ಹಾಕೋವಷ್ಟು ಸ್ಪಷ್ಟ. ಈ ಟಾರ್ಚ್ ಅಭ್ಯಾಸ ನೀವೂ ಮಾಡ್ಕೊಳ್ಳಿ, ಚುಕ್ಕೆ ಒಂದೆರಡು ಇದ್ದಾಗಲೇ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಗೊತ್ತಾಗೋ ಲಕ್ಷಣ ಅಂದ್ರೆ ಮೀನು ಕಲ್ಲಿಗೆ ಪೈಪಿಗೆ ಮೈ ಉಜ್ಜೋದು, ರೆಕ್ಕೆ ಮುದುಡಿಕೊಂಡು ಮೂಲೇಲಿ ನಿಲ್ಲೋದು, ಫಿಲ್ಟರ್ ನೀರು ಬೀಳೋ ಕಡೆ ಹೋಗಿ ಬಾಯಿ ಬಾಯಿ ಬಿಡೋದು. ಬಾಯಿ ಬಿಡ್ತಾ ಇದ್ರೆ ಕಿವಿರು ಹಿಡಿದಿದೆ ಅಂತ ಅರ್ಥ, ಮೈಮೇಲೆ ಚುಕ್ಕೆ ಇಲ್ಲದೇ ಬರೀ ಕಿವಿರಿಗೆ ಬಂದು ಸಾಯೋದೂ ಉಂಟು.

ಇಲ್ಲಿ ಒಂದು ಎಚ್ಚರಿಕೆ, ಬಿಳಿ ಚುಕ್ಕೆ ಎಲ್ಲಾನೂ ಇಚ್ ಅಲ್ಲ. ಗಂಡು ಗೋಲ್ಡ್ ಫಿಶ್ ಮರಿ ಮಾಡೋ ಕಾಲಕ್ಕೆ ಕಿವಿರಿನ ಮುಚ್ಚಳದ ಮೇಲೆ, ಪಕ್ಕದ ರೆಕ್ಕೆಯ ಮುಂದಿನ ಅಂಚಲ್ಲಿ ಸಾಲಾಗಿ ಬಿಳಿ ಗುಳ್ಳೆ ಬರುತ್ತೆ, ಅದು ರೋಗ ಅಲ್ಲ, ಅದಕ್ಕೆ ಔಷಧಿ ಹಾಕಿ ಆರೋಗ್ಯವಾಗಿರೋ ಮೀನನ್ನ ಕೊಲ್ಲೋದು ಬೇಡ. ಮೈಮೇಲೆ ಚಿನ್ನದ ಪುಡಿ ಹಚ್ಚಿದ ಹಾಗೆ ತೀರಾ ಸಣ್ಣಗೆ ಇದ್ರೆ ಅದು ವೆಲ್ವೆಟ್, ಬೇರೆ ಜೀವಿ. ಸಮುದ್ರದ ಮೀನು ಸಾಕಿದ್ರೆ ಅಲ್ಲಿ ಬರೋ ವೈಟ್ ಸ್ಪಾಟೂ ಬೇರೆ, ಈ ಉತ್ತರ ಅದಕ್ಕಲ್ಲ.

ಈಗ ಏನ್ ಮಾಡ್ಬೇಕು ಅನ್ನೋದು. ನನ್ನ ಪ್ರಕಾರ ಮೊಲ್ಲಿ ಗಪ್ಪಿ ಇರೋ ಟ್ಯಾಂಕಿಗೆ ಮೊದಲ ಆಯ್ಕೆ ಶಾಖ ಮತ್ತೆ ಉಪ್ಪು, ಡ್ರಾಪ್ಸ್ ಆಮೇಲೆ. ನೀರು ಬೆಚ್ಚಗಾದಷ್ಟೂ ಈ ಜೀವಿಯ ಸುತ್ತು ಬೇಗ ತಿರುಗುತ್ತೆ, 25 ಡಿಗ್ರೀಲಿ ಹೆಚ್ಚುಕಮ್ಮಿ ಒಂದು ವಾರದೊಳಗೆ ಮುಗಿಯುತ್ತೆ, ಅದೇ 7 ಡಿಗ್ರಿ ತಣ್ಣೀರಲ್ಲಿ ಐದು ವಾರಕ್ಕೂ ಮೇಲೆ ಎಳೆಯುತ್ತೆ. 30 ಡಿಗ್ರಿ ಹತ್ರ ಹೋದ್ರೆ ಸಾಮಾನ್ಯವಾಗಿ ಅದಕ್ಕೆ ಮರಿ ಮಾಡೋಕೇ ಆಗಲ್ಲ, ಎಲ್ಲೋ ಕೆಲವು ತಳಿ ಆ ಶಾಖ ತಡ್ಕೊಳ್ಳುತ್ತೆ, ಅದಕ್ಕೇ ಜೊತೆಗೆ ಉಪ್ಪು. ಬೆಂಗಳೂರಲ್ಲಿ ಡಿಸೆಂಬರ್ ರಾತ್ರಿ ಹೀಟರ್ ಇಲ್ಲದ ಟ್ಯಾಂಕ್ ನೀರು 20-21ಕ್ಕೆ ಇಳಿದು ಮಧ್ಯಾಹ್ನ ಮತ್ತೆ ಏರುತ್ತೆ, ಆ ಏರಿಳಿತಕ್ಕೆ ಮೀನು ಸುಸ್ತಾಗುತ್ತೆ, ಆ ಹೊತ್ತಿಗೆ ಹೊಸ ಮೀನಿನ ಜೊತೆ ಇಚ್ ಬಂದ್ರೆ ತಡೆಯೋ ಶಕ್ತಿ ಇರಲ್ಲ.

ಹೀಟರ್ ಒಂದು ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ತಗೊಳ್ಳಿ, ಜೊತೆಗೆ ಬೇರೆ ಥರ್ಮಾಮೀಟರ್ ಇಡಿ, ಹೀಟರ್ ಮೇಲಿನ ನಂಬರ್ ನಂಬ್ಕೊಂಡು ಕೂರ್ಬೇಡಿ. ಒಂದೇ ಸಲ 30ಕ್ಕೆ ತಿರುಗಿಸಬೇಡಿ, ಕೆಲವು ಗಂಟೆಗೆ ಒಂದೊಂದು ಡಿಗ್ರಿ ಥರ ಒಂದೆರಡು ದಿನದಲ್ಲಿ ಏರಿಸಿ. ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ ಕರಗುತ್ತೆ, ಕಿವಿರು ಮೊದ್ಲೇ ಹಾಳಾಗಿರುತ್ತೆ, ಅದಕ್ಕೇ ಏರ್ ಪಂಪ್ ರಾತ್ರಿ ಹಗಲು ನಡೀಲೇಬೇಕು, ಸದ್ದು ಬರುತ್ತೆ ಅಂತ ರಾತ್ರಿ ಆಫ್ ಮಾಡೋರಿದ್ದಾರೆ, ದಯವಿಟ್ಟು ಈ ಎರಡು ವಾರ ಆದ್ರೂ ಬೇಡ. ಶಾಖ ಏರಿಸಿದ ಮೊದಲ ಎರಡು ದಿನ ಚುಕ್ಕೆ ಜಾಸ್ತಿ ಆದ ಹಾಗೆ ಕಾಣಬಹುದು. ಹೆದರ್ಬೇಡಿ, ಆಗಲೇ ಚರ್ಮದೊಳಗೆ ಹೋಗಿದ್ದು ಬೇಗ ಬೆಳೆದು ಈಗ ಕಣ್ಣಿಗೆ ಕಾಣ್ತಾ ಇದೆ ಅಷ್ಟೇ. ಗೋಲ್ಡ್ ಫಿಶ್ ಆದ್ರೆ 30 ಬೇಡ, 26-27ರಲ್ಲಿ ನಿಲ್ಸಿ ಉಪ್ಪಿನ ಮೇಲೆ ಭಾರ ಹಾಕಿ.

ಉಪ್ಪು ಅಂದ್ರೆ ಅಡುಗೆಮನೆ ಕಲ್ಲುಪ್ಪು ಸಾಕು, ಪುಡಿ ಉಪ್ಪಲ್ಲಿ ಉದುರುದುರಾಗಿ ಇರ್ಲಿ ಅಂತ ಬೇರೆ ಏನೇನೋ ಸೇರಿಸಿರ್ತಾರೆ. ಎಷ್ಟು ಅನ್ನೋಕೆ ಮುಂಚೆ ನಿಮ್ಮ ಟ್ಯಾಂಕಲ್ಲಿ ನಿಜಕ್ಕೂ ಎಷ್ಟು ನೀರಿದೆ ಅಂತ ಗೊತ್ತಿರ್ಬೇಕು, ತುಂಬಾ ಜನ ಎಡವೋದು ಇಲ್ಲೇ. ಟೇಪ್ ಹಿಡೀರಿ, ಉದ್ದ ಅಗಲ ನೀರಿನ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. ಎರಡಡಿ ಟ್ಯಾಂಕ್ ಅಂದ್ರೆ 60 ಗುಣಿಸು 30, ನೀರು 25 ಸೆಂಟಿಮೀಟರ್ ಇದ್ರೆ 45 ಲೀಟರ್, ಕಲ್ಲು ಹಿಡಿದ ಜಾಗ ಕಳೆದ್ರೆ ಸುಮಾರು 40. ಲೀಟರಿಗೆ 2 ಗ್ರಾಂ ಅಂದ್ರೆ 80 ಗ್ರಾಂ, ತೂಕ ಮಾಡಿ ಮೂರು ಭಾಗ ಮಾಡ್ಕೊಂಡು ಬೇರೆ ನೀರಲ್ಲಿ ಕರಗಿಸಿ ಒಂದೂವರೆ ದಿನದಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಉಪ್ಪು ಆವಿ ಆಗಲ್ಲ ಅನ್ನೋದು ನೆನಪಿರ್ಲಿ. ನೀರು ಇಂಗಿದ್ದಕ್ಕೆ ಬರೀ ನೀರು ಸೇರಿಸಿ, ಹತ್ತು ಲೀಟರ್ ತೆಗೆದು ಹೊಸದು ಹಾಕಿದ್ರೆ ಮಾತ್ರ ಆ ಹತ್ತು ಲೀಟರಿನ 20 ಗ್ರಾಂ ಸೇರಿಸಿ. ಮೊಲ್ಲಿ ಗಪ್ಪಿ ಈ ಉಪ್ಪನ್ನ ಆರಾಮಾಗಿ ತಡ್ಕೊಳ್ತಾವೆ. ಕೆಲವು ಗಿಡಗಳು ಅಷ್ಟು ತಡೆಯಲ್ಲ.

ನಿಮ್ಮ ಎರಡು ಶಾರ್ಕ್ ವಿಷಯಕ್ಕೆ ಬರ್ತೀನಿ. ಅಂಗಡೀಲಿ ಶಾರ್ಕ್ ಅಂತ ಮಾರೋದು ಬಹಳಷ್ಟು ಸಲ ಪಂಗಾಸಿಯಸ್ ಅನ್ನೋ ಕ್ಯಾಟ್‌ಫಿಶ್, ಮೈಮೇಲೆ ಹುರುಪೆ ಇರಲ್ಲ, ಇಚ್ ಬೇಗ ಹಿಡಿಯುತ್ತೆ, ಔಷಧಿಗೂ ಬೇಗ ಸಾಯುತ್ತೆ. ಲೋಚ್ ಜಾತಿ ಮೀನುಗಳೂ ಹಂಗೇ. ಇವಿದ್ರೆ ಉಪ್ಪು ಲೀಟರಿಗೆ 1 ಗ್ರಾಂ ದಾಟಿಸಬೇಡಿ, ನಿಮ್ಮ ಟ್ಯಾಂಕಿಗೆ ಅಂದ್ರೆ 40 ಗ್ರಾಂ, ನೀರು ಬದಲಾಯಿಸಿದಾಗ ಸೇರಿಸೋದೂ ಅದೇ ಲೆಕ್ಕ. ಆ ಶಾರ್ಕ್ ಅಡಿಗಟ್ಟಲೆ ಬೆಳೆಯೋ ನದಿ ಮೀನು, ಎರಡಡಿ ಟ್ಯಾಂಕಲ್ಲಿ ಅದಕ್ಕೆ ಯಾವತ್ತೂ ನೆಮ್ಮದಿ ಇರಲ್ಲ. ಇದನ್ನ ಮಾರೋವಾಗಲೇ ಯಾರಾದ್ರೂ ಹೇಳ್ಬೇಕಿತ್ತು, ಹೇಳದೇ ಮಾರ್ತಾರಲ್ಲ ಅನ್ನೋದು ನನಗೆ ನಿಜವಾಗ್ಲೂ ನೋವು. ಹಾಗಂತ ತಗೊಂಡು ಹೋಗಿ ಕೆರೆಗೆ ಬಿಡ್ಬೇಡಿ, ಅಲ್ಲಿರೋ ಮೀನಿಗೆ ರೋಗ ಹತ್ತಿಸಿದ ಹಾಗಾಗುತ್ತೆ.

ಹೀಟರ್ ಇಲ್ಲ, ಕರೆಂಟ್ ಪದೇಪದೇ ಹೋಗುತ್ತೆ, ಗಿಡ ತುಂಬಾ ಇದೆ ಅನ್ನೋರಿಗೆ ಡ್ರಾಪ್ಸೇ ದಾರಿ. ವೈಟ್ ಸ್ಪಾಟಿಗೆ ಅಂತ ಮಾರೋ ಬಾಟ್ಲಲ್ಲಿ ಸಾಮಾನ್ಯವಾಗಿ ಇರೋದು ಮ್ಯಾಲಕೈಟ್ ಗ್ರೀನ್, ಕೆಲವದ್ರಲ್ಲಿ ಜೊತೆಗೆ ಫಾರ್ಮಲಿನ್. ಇವು ಕೆಲಸ ಮಾಡ್ತಾವೆ, ಆದ್ರೆ ಸಣ್ಣ ವಸ್ತು ಅಲ್ಲ. ಮ್ಯಾಲಕೈಟ್ ಗ್ರೀನನ್ನ ತಿನ್ನೋ ಮೀನಿಗೆ ಬಳಸೋದು ಅನೇಕ ದೇಶಗಳಲ್ಲಿ ನಿಷೇಧ, ಗ್ಲೌಸ್ ಹಾಕ್ಕೊಂಡು ಮುಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಾಕೋ ಮುಂಚೆ ಫಿಲ್ಟರಲ್ಲಿ ಕಾರ್ಬನ್ ಇದ್ರೆ ತೆಗೀರಿ, ಇಲ್ಲಾಂದ್ರೆ ಔಷಧಿಯೆಲ್ಲ ಅದೇ ಹೀರ್ಕೊಳ್ಳುತ್ತೆ. ಬೆಳಕಿಗೆ ಮ್ಯಾಲಕೈಟ್ ಗ್ರೀನ್ ಹಾಳಾಗೋದ್ರಿಂದ ಟ್ಯಾಂಕ್ ಲೈಟ್ ಆರಿಸಿಡಿ. ಟೆಟ್ರಾ, ಲೋಚ್, ಕ್ಯಾಟ್‌ಫಿಶ್ ಇದ್ರೆ ಲೇಬಲಲ್ಲಿ ಇರೋದ್ರಲ್ಲಿ ಅರ್ಧ ಡೋಸ್. ಫಾರ್ಮಲಿನ್ ನೀರಿನ ಆಕ್ಸಿಜನ್ ಕಮ್ಮಿ ಮಾಡುತ್ತೆ, ಹಾಗಾಗಿ 30 ಡಿಗ್ರಿ ಶಾಖ ಮತ್ತೆ ಈ ಡ್ರಾಪ್ಸ್ ಎರಡೂ ಒಟ್ಟಿಗೆ ಬೇಡವೇ ಬೇಡ. ಬೇಗ ವಾಸಿ ಆಗ್ಲಿ ಅಂತ ಉಪ್ಪು, ಶಾಖ, ಹಸಿರು ಔಷಧಿ, ನೀಲಿ ಔಷಧಿ ಎಲ್ಲಾ ಒಂದೇ ದಿನ ಸುರಿದು ಬೆಳಿಗ್ಗೆ ಎದ್ದು ನೋಡೋವಾಗ ಎಲ್ಲಾ ಮೀನು ಮೇಲೆ ತೇಲ್ತಾ ಇರೋದನ್ನ ಬೇರೆಯವರ ಮನೇಲಿ ಕಣ್ಣಾರೆ ನೋಡಿದೀನಿ. ಆ ಮನೆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ಯಾವ ದಾರಿ ಹಿಡಿದ್ರೂ ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಾಯಿಸಿ, ನೀರು ತೆಗೆಯೋ ಪೈಪನ್ನ ತಳದ ಕಲ್ಲಿನ ಒಳಗೆ ಇಳಿಸಿ ಎಳೀರಿ, ಗೂಡುಗಳು ಇರೋದು ಅಲ್ಲೇ, ಎಷ್ಟು ಕಸ ಹೊರಗೆ ಹೋಗುತ್ತೋ ಅಷ್ಟು ಮರಿ ಕಮ್ಮಿ. ನೀರು ತೆಗೆಯೋ ಮುಂಚೆ ಹೀಟರ್ ಪ್ಲಗ್ ಕಿತ್ತಿಡಿ, ಬಿಸಿ ಗಾಜು ನೀರಿಂದ ಹೊರಗೆ ಬಂದ್ರೆ ಒಡೆಯುತ್ತೆ. ಹೊಸ ನೀರು ನಲ್ಲಿದಾದ್ರೆ ಆ್ಯಂಟಿ ಕ್ಲೋರಿನ್ ಹಾಕಿ, ಟ್ಯಾಂಕಿನಷ್ಟೇ ಬೆಚ್ಚಗಿರ್ಲಿ. ಡ್ರಾಪ್ಸ್ ಹಾಕಿದ್ರೆ ಬದಲಾಯಿಸಿದ ನೀರಿನ ಲೆಕ್ಕಕ್ಕೆ ಔಷಧಿ ಮತ್ತೆ ಸೇರಿಸ್ಬೇಕು, ಲೇಬಲ್ ಓದಿ.

ಟ್ಯಾಂಕ್ ಪೂರ್ತಿ ತೊಳೀಬೇಕಾ ಅಂದ್ರಿ, ಬೇಡ. ಫಿಲ್ಟರಲ್ಲಿ ಬೆಳೆದಿರೋ ಒಳ್ಳೇ ಬ್ಯಾಕ್ಟೀರಿಯಾ ಎಲ್ಲಾ ಹೋಗಿ ಅಮೋನಿಯಾ ಏರುತ್ತೆ, ಕಾಯಿಲೆ ಮೀನಿಗೆ ಅದು ಇನ್ನೊಂದು ಪೆಟ್ಟು. ಅದಲ್ಲದೆ ಪರಾವಲಂಬಿ ಮೀನಿನ ಚರ್ಮದೊಳಗೇ ಇದೆಯಲ್ಲ, ತೊಳೆದ ಟ್ಯಾಂಕಿಗೆ ಅದೇ ಮೀನು ಬಿಟ್ರೆ ಅದೂ ಜೊತೇಲೇ ಬಂತು. ಎಲ್ಲಾ ಟ್ಯಾಂಕಲ್ಲೂ ಇಚ್ ಯಾವಾಗಲೂ ನೀರಲ್ಲಿ ಮಲಗಿರುತ್ತೆ ಅನ್ನೋ ಮಾತೂ ನಂಬ್ಬೇಡಿ. ಮೀನಿಲ್ಲದೆ ಅದು ಬದುಕಲ್ಲ, 25 ಡಿಗ್ರಿ ಮೇಲಿರೋ ನೀರಲ್ಲಿ ಒಂದು ವಾರ ಮೀನೇ ಇಲ್ಲದೆ ಬಿಟ್ರೆ ಟ್ಯಾಂಕ್ ತಾನಾಗೇ ಸ್ವಚ್ಛ. ಅಂದ್ರೆ ಒಂದು ಟ್ಯಾಂಕಲ್ಲಿ ಹೊಸದಾಗಿ ಕಾಣಿಸ್ತು ಅಂದ್ರೆ ಅದು ಹೊರಗಿಂದ ಬಂದಿದ್ದು, ಹೊಸ ಮೀನಿನ ಮೈಯಲ್ಲೋ, ಗಿಡದಲ್ಲೋ, ಒದ್ದೆ ಬಲೆಯಲ್ಲೋ.

ಹಾಗಾಗಿ ಮುಂದಿನ ಸಲ ಮೀನು ತಂದಾಗ ಕವರ್ ನೀರನ್ನ ಟ್ಯಾಂಕಿಗೆ ಸುರೀಬೇಡಿ, ಬಲೇಲಿ ಎತ್ತಿ ಬೇರೆ ಬಕೆಟಿಗೆ ಬಿಡಿ. ಇಪ್ಪತ್ತು ಲೀಟರ್ ಬಕೆಟ್, ಒಂದು ಸ್ಪಾಂಜ್ ಫಿಲ್ಟರ್, ಸಣ್ಣ ಹೀಟರ್, ಎರಡರಿಂದ ಮೂರು ವಾರ, ದಿನಾ ರಾತ್ರಿ ಟಾರ್ಚ್. ಆ ಬಕೆಟಿನ ಬಲೆ ಬೇರೆನೇ ಇರ್ಲಿ, ಒಂದೇ ಬಲೆ ಇದ್ರೆ ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಬಳಸಿ, ಒಣಗಿದ್ರೆ ಇದು ಬದುಕಲ್ಲ. ಸದ್ಯಕ್ಕೆ ಇವತ್ತು ರಾತ್ರಿ ಏರ್ ಪಂಪ್ ಆಫ್ ಮಾಡ್ಬೇಡಿ, ನಾಳೆ ಬೆಳಿಗ್ಗೆ ಎದ್ದು ಟೇಪ್ ಹಿಡಿದು ಟ್ಯಾಂಕ್ ಅಳೀರಿ.